ಮೇಡಂ ಹೊಲಿಸಿಕೊಂಡ ರವಿಕೆ

ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತವರ ಸೆರಗನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡುವ ಅಭ್ಯಾಸ ನಮ್ಮ ಮೇಡಂಗೆ ಇತ್ತು. ಕೂತವರು ಗುರುತಿನವರೋ ಅಲ್ಲವೋ ಎನ್ನುವುದು ಅವರಿಗೆ ಲೆಕ್ಕಕ್ಕೇ ಇರಲಿಲ್ಲ. ಒಮ್ಮೆ ಕನಕಪುರದಿಂದ ರಾಮನಗರಕ್ಕೆ ಹೋಗುತ್ತಿದ್ದಾಗ ಒಬ್ಬ ಹೆಂಗಸು ಸೆರಗು ಕಿತ್ತುಕೊಂಡು, "ಏನಮ್ಮ ಅದು, ನನ್ ಸೀರೆ ಯಾಕೆ ಎಳೀತಿದ್ದೀಯ?" ಎಂದು ಗದರಿದಳು. ಮೇಡಂ ಒಂದಿಷ್ಟೂ ನಾಚಲಿಲ್ಲ. "ಎಳೀಲಿಲ್ಲ ಕಣವ್ವ, ಮುಟ್ಟಿ ನೋಡ್ದೆ. ಅಂಗಡೀಲಿ ಇದನ್ನ ರೇಷ್ಮೆ ಅಂತ ಹೇಳಿ ಕೊಟ್ರಾ? ರೇಷ್ಮೆ ಅಲ್ಲ. ಆದ್ರೂ ನೇಯ್ದಿರೋರ ಕೈ ಚೆನ್ನಾಗೈತೆ, ಧೈರ್ಯವಾಗಿ ಉಟ್ಕೊ" ಎಂದರು. ನಾವು ಇಳಿಯುವ ಹೊತ್ತಿಗೆ ಆ ಹೆಂಗಸು ತನ್ನ ಚೀಲದಿಂದ ಮಗಳಿಗೆಂದು ತಂದಿದ್ದ ಇನ್ನೊಂದು ಸೀರೆ ತೆಗೆದು, "ಇದು ಹೆಂಗೈತೆ ನೋಡಿ" ಎಂದು ಅವರ ತೊಡೆಯ ಮೇಲೆ ಹರಡಿದ್ದಳು.

ಮೇಡಂ ತೀರಿಕೊಂಡು ಕೆಲವು ತಿಂಗಳಾದವು. ಕಾಲೇಜಿನಲ್ಲಿ ಪಾಠ ಹೇಳುವ ಹೆಂಗಸರಿಗೆಲ್ಲ ನಾವು ಮೇಡಂ ಎನ್ನುತ್ತಿದ್ದೆವು; ಆದರೆ ಮುಂದೆ ಹೆಸರು ಸೇರಿಸದೆ ಬರೀ ಮೇಡಂ ಎಂದರೆ ಅದು ಅವರೊಬ್ಬರೇ. ಇಲ್ಲಿಯೂ ಹಾಗೆಯೇ ಇರಲಿ.

ಅವರು ಗೃಹವಿಜ್ಞಾನದ ಅಧ್ಯಾಪಕಿ. ಮಾಗಡಿ ತಾಲ್ಲೂಕಿನ ಕಲ್ಯದ ಕಡೆಯ ರಾಗಿ ಬೆಳೆಯುವ ಮನೆಯಲ್ಲಿ ಹುಟ್ಟಿ, ಓದಿ, ಕನಕಪುರದ ನಮ್ಮ ಹೆಣ್ಣುಮಕ್ಕಳ ಕಾಲೇಜಿಗೆ ಬಂದು ನೆಲೆಸಿದವರು. ಕುಳ್ಳಗೆ, ದಪ್ಪಗೆ ಇದ್ದರು. ದನಿ ಮಾತ್ರ ಹೊಲದ ಆ ಬದುವಿನಿಂದ ಈ ಬದುವಿಗೆ ಕೇಳಿಸುವಂಥದ್ದು. ಕೊರಳಿಗೆ ಅಳತೆ ಟೇಪು ನೇತುಹಾಕಿಕೊಂಡೇ ಸ್ಟಾಫ್ ರೂಮಿನಲ್ಲಿ ಊಟ ಮಾಡುತ್ತಿದ್ದರು. ಉಡುಪು ಮತ್ತು ಜವಳಿಯ ವಿನ್ಯಾಸ ಅವರ ವಿಷಯ: ರೇಖೆ, ಬಣ್ಣ, ಆಕಾರ, ಬಟ್ಟೆಯ ಮೈ; ಆಮೇಲೆ ಸಮತೋಲ, ಪ್ರಮಾಣ, ಲಯ, ಒತ್ತು. ಪುಸ್ತಕದಲ್ಲಿ ಎರಡು ಪುಟಕ್ಕೆ ಮುಗಿಯುವ ಈ ಪಾಠವನ್ನು ಅವರು ವರ್ಷವಿಡೀ ಮಾಡುತ್ತಿದ್ದರು.

ಬಣ್ಣಗಳಿಗೆ ಇಂಗ್ಲಿಷ್ ಹೆಸರು ಹೇಳಿದರೆ ಅವರಿಗೆ ಸಮಾಧಾನವಾಗುತ್ತಿರಲಿಲ್ಲ. "ಮೆರೂನ್ ಅಂದ್ರೆ ಯಾವ್ ಮೆರೂನು? ಬೀಟ್ರೂಟ್ ಬೇಯಿಸಿದ ನೀರಾ, ಒಣಗಿದ ಬ್ಯಾಡಗಿ ಮೆಣಸಿನಕಾಯಾ?" ಎಂದು ಕೇಳುತ್ತಿದ್ದರು. ನಮ್ಮ ತರಗತಿಯಲ್ಲಿ ಹುರುಳಿಕಾಳಿನ ಬಣ್ಣವಿತ್ತು, ಎಳೆ ಬದನೆಕಾಯಿಯ ಬಣ್ಣವಿತ್ತು, ಮಳೆ ಬಿದ್ದ ಮಾರನೆಯ ದಿನದ ರಾಮನಗರದ ಬಂಡೆಯ ಬಣ್ಣವೂ ಇತ್ತು. ಬಟ್ಟೆಯ ಮೈ ಹೇಗಿರುತ್ತದೆಂದು ತಿಳಿಸಲು ರಾಮನಗರದ ಗೂಡಿನ ಮಾರುಕಟ್ಟೆಗೆ ಕರೆದುಕೊಂಡು ಹೋಗಿ ರೇಷ್ಮೆಗೂಡನ್ನು ಕಣ್ಣು ಮುಚ್ಚಿಕೊಂಡು ಮುಟ್ಟಿಸಿದರು. ಚನ್ನಪಟ್ಟಣದಲ್ಲಿ ಗೊಂಬೆ ಮಾಡುವವರ ಮನೆಯ ಮುಂದೆ ನಿಲ್ಲಿಸಿ, ತಿರುಗುವ ಕಟ್ಟಿಗೆಗೆ ಅರಗಿನ ಬಣ್ಣ ಹತ್ತುವುದನ್ನು ತೋರಿಸಿ, "ನೋಡ್ರೇ, ಮೈಯೆಲ್ಲ ಹಳದಿ, ಕೊರಳಿಗೊಂದೇ ಕೆಂಪು ಗೆರೆ. ನಿಮ್ ಕಣ್ಣು ಎಲ್ಲಿಗೆ ಹೋಯ್ತು? ಆ ಗೆರೆಗೆ. ಎಲ್ಲಾ ಕಡೆ ಕೆಂಪು ಬಳಿದಿದ್ರೆ ಎಲ್ಲಿಗೂ ಹೋಗ್ತಿರ್ಲಿಲ್ಲ" ಎಂದರು. ಆ ವರ್ಷ ನಮ್ಮ ಚೂಡಿದಾರಗಳಿಂದ ಬಹಳಷ್ಟು ಮಿಣುಕು ಚಿಕ್ಕಿಗಳು ಉದುರಿಹೋದವು.

ಬಾಯಿ ಬಿರುಸು. ವಾರ್ಷಿಕೋತ್ಸವಕ್ಕೆ ಬಂದಿದ್ದ ಪ್ರಾಂಶುಪಾಲರ ಹೆಂಡತಿಗೆ ಎಲ್ಲರೆದುರು, "ನಿಮ್ ಸೀರೆ ಅಂಚು ನಿಮ್ಮನ್ನ ತಿಂದ್ಹಾಕ್ತಾ ಐತೆ" ಎಂದುಬಿಟ್ಟರು. ಅದು ನಿಜವೇ ಆಗಿತ್ತು. ಎರಡು ಗೇಣು ಅಗಲದ ಜರಿ ಅಂಚಿನಲ್ಲಿ ಆ ಸಣ್ಣ ಹೆಂಗಸು ಮುಳುಗಿಹೋಗಿದ್ದರು. ಆದರೂ ಆಕೆಯ ಕಣ್ಣಲ್ಲಿ ನೀರು ಬಂತು. ಮೇಡಂಗೆ ತಾನು ಮಾಡಿದ್ದೇನೆಂದು ಅರ್ಥವಾಗಲು ಸಂಜೆಯಾಗಬೇಕಾಯಿತು. ಆಮೇಲೆ ಅವರ ಮನೆಗೇ ಹೋಗಿ, ಅದೇ ಸೀರೆಗೆ ನೆರಿಗೆ ಹಿಡಿಯುವ ಬೇರೆ ಬಗೆ ತೋರಿಸಿ, ಊಟ ಮಾಡಿಕೊಂಡು ಬಂದರಂತೆ.

ಇಷ್ಟೆಲ್ಲ ಬಣ್ಣದ ಮಾತಾಡುವ ಮೇಡಂ ಕೈಹಿಡಿದಿದ್ದು ಬಣ್ಣ ಗುರುತಿಸಲು ಬಾರದವರನ್ನು. ಅವರ ಯಜಮಾನರಿಗೆ ಕೆಂಪು, ಹಸಿರು ಎರಡೂ ಒಂದೇ ಥರ ಕಾಣುತ್ತಿದ್ದವು. ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ ಮಿತಭಾಷಿ. "ನಾನು ಏನುಟ್ರೂ ಚೆನ್ನಾಗೈತೆ ಅಂತಾರೆ. ಏನು ಕಾಣ್ಸಿ ಹಂಗಂತಾರೋ ಆ ದೇವ್ರಿಗೇ ಗೊತ್ತು" ಎಂದು ಮೇಡಂ ನಗುತ್ತಿದ್ದರು.

ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು ಕೋಡಿಹಳ್ಳಿಯ ಭಾಗ್ಯ. ಒಳ್ಳೆ ಕಪ್ಪು ಮೈಬಣ್ಣದ ಹುಡುಗಿ. ಕಪ್ಪಗಿರುವವರು ತಿಳಿಬಣ್ಣವನ್ನೇ ಹಾಕಬೇಕೆಂದು ಅವಳ ಅಜ್ಜಿಯ ಅಪ್ಪಣೆ. ಹಾಗಾಗಿ ವರ್ಷವೆಲ್ಲ ತೊಳೆದು ತೊಳೆದು ಮಾಸಿದಂತಿರುವ ಗುಲಾಬಿ, ನೀಲಿಗಳಲ್ಲೇ ಬರುತ್ತಿದ್ದಳು. ಬಣ್ಣದ ಪಾಠ ನಡೆದ ದಿನ ಮೇಡಂ ಅವಳನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಹೆಗಲ ಮೇಲೆ ಮೊದಲು ತಿಳಿಗುಲಾಬಿ ಬಟ್ಟೆ ಹೊದಿಸಿದರು. "ಈಗ ಯಾವುದು ಕಾಣ್ತೈತೆ?"

"ಬಟ್ಟೆ, ಮೇಡಂ."

ಅದನ್ನು ತೆಗೆದು, ಅರಿಶಿನದ ಕೊಂಬು ಮುರಿದಾಗ ಒಳಗೆ ಕಾಣುವ ಗಾಢ ಬಣ್ಣದ ಬಟ್ಟೆ ಹಾಕಿದರು. "ಈಗ?"

ಭಾಗ್ಯ ಕನ್ನಡಿಯ ಹತ್ತಿರಕ್ಕೆ ಬಾಗಿದಳು. ನಾವೆಲ್ಲ ನೋಡುತ್ತಲೇ ಇದ್ದೆವು. ಅವಳ ಮುಖ, ಕಣ್ಣು, ಹಲ್ಲು ಎಲ್ಲ ಒಮ್ಮೆಗೇ ಮುಂದೆ ಬಂದಿದ್ದವು.

"ಬಟ್ಟೆ ನಿನ್ ಮುಖದ ಚಾಕ್ರಿ ಮಾಡ್ಬೇಕು ಕಣವ್ವ. ನಿನ್ ಮುಖ ಬಟ್ಟೆ ಚಾಕ್ರಿ ಮಾಡೋದಲ್ಲ" ಎಂದರು ಮೇಡಂ.

ಆ ಬೇಸಿಗೆಯಲ್ಲಿ ಭಾಗ್ಯಳನ್ನು ನೋಡಲು ಗಂಡಿನ ಕಡೆಯವರು ಬಂದಾಗ, ಅಜ್ಜಿ ತೆಗೆದಿಟ್ಟಿದ್ದ ಕೆನೆಬಣ್ಣದ ಸೀರೆ ಬಿಟ್ಟು ಅವಳು ಗಾಢ ಕೆಂಪು ಉಟ್ಟು ಬಂದಳು. ಗಂಡು ಒಪ್ಪಲಿಲ್ಲ. ಅಜ್ಜಿ ಮಾರನೆಯ ವಾರವೇ ಬಸ್ಸು ಹತ್ತಿ ಕಾಲೇಜಿಗೆ ಬಂದು, ಬಾಗಿಲಲ್ಲೇ ನಿಂತು, "ಯಾರವ್ವ ಅದು ನಮ್ ಹುಡ್ಗಿ ತಲೆ ಕೆಡ್ಸಿರೋಳು?" ಎಂದು ಕೂಗಿದರು. ಮೇಡಂ ಅವರನ್ನು ಕೂರಿಸಿ, ಟೀ ತರಿಸಿ, "ಅಜ್ಜಿ, ನಿಮ್ ಮದ್ವೆ ಸೀರೆ ಯಾವ ಬಣ್ಣದ್ದು?" ಎಂದು ಕೇಳಿದರು.

"ಕುಂಕುಮದ್ದು. ಯಾಕೆ?"

"ಆಗ ನೀವು ಬೆಳ್ಳಗಿದ್ರಾ?"

ಅಜ್ಜಿ ಟೀ ಲೋಟ ಕೆಳಗಿಟ್ಟರು. ಬೆಂಚಿನಲ್ಲಿ ಕೂತಿದ್ದ ಮೊಮ್ಮಗಳ ಕಡೆ ತಿರುಗಿದರು. "ಇವ್ಳಂಗೇ ಇದ್ದೆ. ನಮ್ಮತ್ತೆ ಉಡ್ಸಿದ್ರು. ನಮ್ಮತ್ತೆಗೆ ನಾನಂದ್ರೆ ಪ್ರಾಣ" ಎಂದರು. ಜಗಳ ಅಲ್ಲಿಗೆ ನಿಂತಿತು. ಎರಡು ವರ್ಷದ ಮೇಲೆ ಭಾಗ್ಯಳ ಮದುವೆಗೆ ಆ ಅಜ್ಜಿಯೇ ಕುಂಕುಮದ ಬಣ್ಣದ ಸೀರೆ ಆರಿಸಿದರು.

ನಾನು ಕೊನೆಯ ವರ್ಷದಲ್ಲಿದ್ದಾಗ ಮೇಡಂ ಇದ್ದಕ್ಕಿದ್ದಂತೆ ರಜೆ ಹಾಕಿದರು. ಸ್ತನದ ಕ್ಯಾನ್ಸರ್ ಎಂದು ಆಮೇಲೆ ತಿಳಿಯಿತು. ಬೆಂಗಳೂರಿನಲ್ಲಿ ಆಪರೇಷನ್ ಆಗಿ ಬಲಗಡೆಯದನ್ನು ಪೂರ್ತಿ ತೆಗೆದರು. ತಿಂಗಳುಗಳ ಮೇಲೆ ಅವರು ಕಾಲೇಜಿಗೆ ಮರಳಿದಾಗ ನನಗೆ ಮೊದಲು ಗುರುತೇ ಸಿಗಲಿಲ್ಲ. ಕೂದಲು ಹೋಗಿ ತಲೆಗೆ ಬಟ್ಟೆ ಸುತ್ತಿಕೊಂಡಿದ್ದಕ್ಕಲ್ಲ. ಯಾವಾಗಲೂ ಸೆರಗನ್ನು ನೀಟಾಗಿ ಮಡಿಸಿ ಎಡ ಹೆಗಲಿಗೆ ಸಿಕ್ಕಿಸಿ, ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಿದ್ದವರು, ಈಗ ಸೆರಗನ್ನು ಎರಡೂ ಹೆಗಲಿಗೆ ಬಿಗಿಯಾಗಿ ಹೊದ್ದು, ಬಲ ಭುಜವನ್ನು ಮೇಲೆತ್ತಿ, ಗೋಡೆಯ ಪಕ್ಕದಲ್ಲೇ ನಡೆದು ಬರುತ್ತಿದ್ದರು. ದನಿಯೂ ಚಿಕ್ಕದಾಗಿತ್ತು. ಪಾಠ ಮಾಡುವಾಗ ಬೋರ್ಡಿನ ಕಡೆಗೇ ತಿರುಗಿರುತ್ತಿದ್ದರು. ನಾವೂ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದೆವು.

ಹೀಗೆ ನಡೆದು ಸಮತೋಲದ ಪಾಠ ಬಂತು. ಬೋರ್ಡಿನ ಮೇಲೆ ತಕ್ಕಡಿಯ ಚಿತ್ರ ಬರೆದರು. ಎರಡೂ ಕಡೆ ಒಂದೇ ರೀತಿ ಇದ್ದರೆ ಅದು ಫಾರ್ಮಲ್ ಬ್ಯಾಲೆನ್ಸ್ ಎಂದರು. ಎರಡು ಕಡೆ ಬೇರೆ ಬೇರೆಯಿದ್ದೂ ತೂಗಿಸಿದರೆ ಅದು ಇನ್‌ಫಾರ್ಮಲ್ ಎಂದು ಹೇಳುತ್ತಿರುವಾಗ ಸೀಮೆಸುಣ್ಣ ಹಿಡಿದ ಕೈ ಅಲ್ಲೇ ನಿಂತಿತು. ಆಮೇಲೆ ನಮ್ಮ ಕಡೆ ತಿರುಗಿ, ಬಲ ಹೆಗಲ ಮೇಲಿನ ಸೆರಗು ತೆಗೆದು ಹಿಂದಕ್ಕೆ ಹಾಕಿದರು.

"ನನ್ ಬಲಗಡೆ ಒಂದಿಲ್ಲ. ಅದು ನಿಮಗೆಲ್ಲ ಗೊತ್ತೈತೆ. ಗೊತ್ತಿಲ್ದಂಗೆ ನೀವು ನೆಲ ನೋಡ್ಕೊಂಡು ಕೂತಿದ್ದೀರ, ಗೊತ್ತಾಗ್ದಂಗೆ ನಾನು ಗೋಡೆ ನೋಡ್ಕೊಂಡು ನಿಂತಿದ್ದೀನಿ. ಹಿಂಗೆ ಪಾಠ ಆಗಲ್ಲ."

ಹಿಂದಿನ ಬೆಂಚಿನಲ್ಲಿ ಯಾರೋ ಬಿಕ್ಕಿದರು. ಮೇಡಂ ಆ ಕಡೆ ನೋಡಿ, "ಅಳೋರು ಆಚೆ ಹೋಗಿ ಅತ್ತು ಬನ್ನಿ. ಮಿಕ್ಕೋರು ಟೇಪ್ ತನ್ನಿ. ನನಗೊಂದು ರವಿಕೆ ಆಗ್ಬೇಕು" ಎಂದರು. ಹಳೆಯ ದನಿ ಆಗ ಕೇಳಿಸಿತು.

ಅಳತೆ ತೆಗೆದವಳು ನಾನು. ಬಟ್ಟೆಯ ಮೇಲಿಂದಲೂ ಗಾಯದ ಗುರುತು ಕೈಗೆ ತಗಲುತ್ತಿತ್ತು. ನಾನು ಟೇಪನ್ನು ಮೈಗೆ ಒತ್ತದೆ ದೂರವೇ ಹಿಡಿದೆ. "ನೋವಿಲ್ಲ ಕಣೆ, ಸರಿಯಾಗಿ ಹಿಡಿ. ಬಲತೋಳು ಊದ್ಕೊಳ್ತೈತೆ, ಅಲ್ಲಿ ಒಸಿ ಸಡಿಲ ಬುಡು" ಎಂದರು.

ಆ ತಿಂಗಳೆಲ್ಲ ನಮಗೆ ಬೇರೆ ಕೆಲಸವೇ ಇರಲಿಲ್ಲ. ಮೊದಲು ಒಳಗೆ ಸ್ಪಂಜಿಟ್ಟು ಹೊಲಿದೆವು. ಅದು ಹಗುರ, ನಡೆದರೆ ಮೇಲೇರಿ ಕೊರಳ ಹತ್ತಿರ ಬರುತ್ತಿತ್ತು. ಹತ್ತಿ ತುಂಬಿದರೆ ಬೆವರಿಗೆ ಗಂಟು ಕಟ್ಟುತ್ತಿತ್ತು. ತೂಕವಿಲ್ಲದ ಕಡೆ ಭುಜ ತಾನಾಗಿ ಮೇಲೇಳುತ್ತದೆ ಎಂಬುದು ಗೊತ್ತಾದಾಗ, ಸಣ್ಣ ಚೀಲಕ್ಕೆ ರಾಗಿ ತುಂಬಿ ನೋಡೋಣವೆಂದು ಹೇಳಿದವಳು ಭಾಗ್ಯ. ನುಣ್ಣನೆಯ ಬಟ್ಟೆಯಲ್ಲಿ ಕಾಳು ಜಾರಿ ಮೈಯ ಆಕಾರಕ್ಕೆ ಕೂತಿತು. ರವಿಕೆಯ ಒಳಗೆ ಒಂದು ಜೇಬು ಹೊಲಿದು ಚೀಲವನ್ನು ಅದರಲ್ಲಿಟ್ಟೆವು. ಒಗೆಯುವಾಗ ತೆಗೆಯಬಹುದು, ಕಾಳು ಬದಲಾಯಿಸಬಹುದು. ಮೇಡಂ ಅದನ್ನು ತೊಟ್ಟು ಕಾರಿಡಾರಿನಲ್ಲಿ ಆ ತುದಿಗೂ ಈ ತುದಿಗೂ ನಡೆದು ಬಂದರು. ಎರಡೂ ಭುಜ ಒಂದೇ ಮಟ್ಟದಲ್ಲಿದ್ದವು. "ನಮ್ಮಪ್ಪ ಬೆಳೆದ ರಾಗಿ ಎಲ್ಲೆಲ್ಲಿ ಬಂತು ನೋಡು!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಪರೇಷನ್ ಆದಮೇಲೆ ಅವರು ನಕ್ಕಿದ್ದನ್ನು ನಾವು ನೋಡಿದ್ದು ಅದೇ ಮೊದಲು.

ಆದರೆ ಕೆಲವು ವಾರಗಳಾದ ಮೇಲೆ ಅವರು ಆ ಚೀಲವನ್ನು ತೆಗೆದು ನನಗೆ ತೋರಿಸಿ, "ಚೆನ್ನಾಗೈತೆ. ಮನೇಲಿ ಬೆನ್ನು ನೋಯ್ದಂಗೆ ಇರಕ್ಕೆ ಹಾಕ್ಕೊತೀನಿ. ಆಚೆಗೆ ನಂಗೆ ಬ್ಯಾಡ" ಎಂದರು.

"ಯಾಕೆ ಮೇಡಂ? ಯಾರಿಗೂ ಗೊತ್ತಾಗಲ್ಲವಲ್ಲ."

"ಅದೇ ಕಣೆ. ಗೊತ್ತಾಗ್ಬುಟ್ರೆ ಅಂತ ದಿನವೆಲ್ಲ ಅದರ ಮೇಲೇ ಗ್ಯಾನ. ಎರಡು ಕಡೆನೂ ಒಂದೇ ಥರ ಇರ್ಬೇಕು ಅನ್ನೋದು ದೇವಸ್ಥಾನದ ಬಾಗಿಲಿಗೆ ಸರಿ. ನನಗೆ ಇನ್ನೊಂದು ಥರದ್ದು ಹೊಲಿದುಕೊಡು."

ಅವರ ಅಕ್ಕನ ಮಗಳ ಮದುವೆ ಹತ್ತಿರವಿತ್ತು. ಅದಕ್ಕೆಂದು ಬದನೆಕಾಯಿ ಬಣ್ಣದ ರೇಷ್ಮೆಯಲ್ಲಿ ನಾನು ಆ ರವಿಕೆ ಹೊಲಿದೆ. ಬಲಗಡೆ ಏನನ್ನೂ ತುಂಬಲಿಲ್ಲ. ಬಲ ಭುಜದಿಂದ ಎಡ ಸೊಂಟದ ಕಡೆಗೆ ಓರೆಯಾಗಿ ಇಳಿಯುವ ಸಣ್ಣ ಸಣ್ಣ ಮಡಿಕೆಗಳನ್ನು ಹಿಡಿದೆ. ಬಲ ಭುಜದ ಮೇಲೆ ಅದೇ ಬಟ್ಟೆ ಹೊದಿಸಿದ ಗುಂಡಿಗಳ ಸಾಲು. ಎಡತೋಳಿಗೆ ಅಗಲವಾದ ಅಂಚು, ಬಲತೋಳಿಗೆ ಅಂಚಿಲ್ಲ. ನೋಡುವವರ ಕಣ್ಣು ಗುಂಡಿಗಳಿಗೆ ಹೋಗಿ, ಮಡಿಕೆಗಳ ದಾರಿ ಹಿಡಿದು ಇಳಿದು, ಎಡತೋಳಿನ ಅಂಚಿಗೆ ಬಂದು ನಿಲ್ಲುತ್ತಿತ್ತು. ಏನನ್ನೂ ಮರೆಮಾಚಿರಲಿಲ್ಲ. ನೋಡಿದವರಿಗೆ ಗೊತ್ತಾಗುತ್ತಿತ್ತು. ಗೊತ್ತಾದ ಮೇಲೂ ನೋಡಬೇಕೆನಿಸುತ್ತಿತ್ತು.

ಮಾಗಡಿಯ ಕಲ್ಯಾಣ ಮಂಟಪಕ್ಕೆ ನನ್ನನ್ನೂ ಕರೆದುಕೊಂಡು ಹೋದರು. ಒಳಗೆ ಕಾಲಿಟ್ಟ ಕೂಡಲೇ ಅವರಕ್ಕ ಓಡಿಬಂದು ಕಿವಿಯಲ್ಲಿ, "ಸೆರಗು ಹೊದ್ಕೊಳೆ. ಗಂಡಿನ ಕಡೆಯೋರು ನೋಡ್ತಾರೆ" ಎಂದರು.

"ನೋಡ್ಲಿ ಅಂತ್ಲೇ ಹೊಲ್ಸಿರೋದು ಕಣಕ್ಕ."

"ನಿಂಗೆ ನಾಚ್ಕೆ ಆಗಲ್ವ?"

ಮೇಡಂ ಅಕ್ಕನ ಕೈ ಹಿಡಿದುಕೊಂಡರು. "ಆಗ್ತಿತ್ತು. ಒಸಿ ದಿನ ಬಾಳ ಆಗ್ತಿತ್ತು. ಯಾಕೆ ಆಗ್ಬೇಕು ಅಂತ ಯೋಚ್ನೆ ಮಾಡ್ದೆ. ನಾನೇನು ಕದ್ದಿದ್ನಾ? ನೀನು ಹೋಗು, ಹೆಣ್ಣನ್ನ ಕರ್ಕೊಂಬರೋ ಹೊತ್ತಾಯ್ತು" ಎಂದರು. ಅಕ್ಕ ಕಣ್ಣೊರೆಸಿಕೊಂಡು ಹೋದರು. ಧಾರೆಯ ಹೊತ್ತಿಗೆ ಅವರೇ ಬಂದು ತಂಗಿಯನ್ನು ಕರೆದೊಯ್ದು ತಮ್ಮ ಪಕ್ಕದಲ್ಲಿ ನಿಲ್ಲಿಸಿಕೊಂಡರು.

ಊಟ ಮುಗಿಸಿ ನಾವು ಕೈ ತೊಳೆಯುತ್ತಿದ್ದಾಗ, ಪಕ್ಕದ ನಲ್ಲಿಯ ಹತ್ತಿರ ಮೈತುಂಬ ಸೆರಗು ಹೊದ್ದ ಒಬ್ಬ ಹೆಂಗಸು ನಿಂತಿದ್ದಳು. ಅವಳ ಕೈ ಎಂದೋ ತೊಳೆದಾಗಿತ್ತು. ನೀರು ಮಾತ್ರ ಸುರಿಯುತ್ತಲೇ ಇತ್ತು. ಅತ್ತಿತ್ತ ನೋಡಿ ಸಣ್ಣ ದನಿಯಲ್ಲಿ, "ಈ ರವಿಕೆ ಎಲ್ಲಿ ಹೊಲ್ಸಿದ್ರಿ?" ಎಂದಳು.

ಮೇಡಂ ನಲ್ಲಿ ನಿಲ್ಲಿಸಿದರು. "ನಿನಗೂ ಆಗೈತಾ?"

ಅವಳು ತಲೆಯಾಡಿಸಿದಳು. ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರದವಳು, ಗಂಡಿನ ಕಡೆಯ ನೆಂಟಳು. ಆಪರೇಷನ್ ಆಗಿ ವರ್ಷಗಳೇ ಕಳೆದಿದ್ದವು. ಗಂಡ, ಅತ್ತೆ ಬಿಟ್ಟರೆ ಯಾರಿಗೂ ತಿಳಿಯದಂತೆ ನೋಡಿಕೊಂಡಿದ್ದಳು. ಸೆಕೆಗಾಲದಲ್ಲೂ ಶಾಲು ಹೊದೆಯುತ್ತಿದ್ದಳು. ಹೊಲದ ಕೆಲಸಕ್ಕೆ ನಾಲ್ಕು ಜನರ ಜೊತೆ ಹೋಗುವುದನ್ನೇ ಬಿಟ್ಟಿದ್ದಳು.

"ನಂಗೆ ನಿಮ್ಮಂಗೆ ಧೈರ್ಯ ಇಲ್ಲ ಮೇಡಂ. ಕಾಣ್ದಂಗೆ ಇದ್ರೆ ಸಾಕು" ಎಂದಳು.

ಮೇಡಂ ಉಪದೇಶ ಶುರುಮಾಡುತ್ತಾರೆಂದು ನಾನು ಅಂದುಕೊಂಡೆ. ಮಾಡಲಿಲ್ಲ. "ಇದ್ರಲ್ಲಿ ಧೈರ್ಯದ ಮಾತು ಏನೈತೆ? ನಿಂಗೆ ಹೆಂಗ್ ಬೇಕೋ ಹಂಗೆ. ಕಾಣ್ದಂಗೂ ಹೊಲಿತಾಳೆ ಈ ಹುಡುಗಿ. ರಾಗಿ ಮಾತ್ರ ನೀನೇ ತರ್ಬೇಕು" ಎಂದು ನನ್ನ ಬೆನ್ನು ತಟ್ಟಿದರು. ಮುಂದಿನ ವಾರ ಅವಳು ಬಂದಳು. ಅವಳು ಇನ್ನೊಬ್ಬಳನ್ನು ಕರೆತಂದಳು. ಕೆಲವರಿಗೆ ಜೇಬಿನ ರವಿಕೆ, ಕೆಲವರಿಗೆ ಮಡಿಕೆಯ ರವಿಕೆ. ಕಾಲೇಜು ಮುಗಿದು ನಾನು ಹೊಲಿಗೆ ಅಂಗಡಿ ತೆರೆದ ಮೇಲೆ, ಶನಿವಾರ ಮಧ್ಯಾಹ್ನ ಮೇಡಂ ಬಂದು ಒಳಕೋಣೆಯಲ್ಲಿ ಕೂರುತ್ತಿದ್ದರು. ಬಂದವರ ಜೊತೆ ಮೊದಲು ಬೆಳೆ, ಮಕ್ಕಳು, ಬಸ್ಸಿನ ವಿಷಯ ಮಾತಾಡಿ, ಅವರಾಗಿಯೇ ಸೆರಗು ಸರಿಸುವವರೆಗೆ ಕಾಯುತ್ತಿದ್ದರು. ಯಾರಿಗೂ ಅವಸರ ಮಾಡುತ್ತಿರಲಿಲ್ಲ. ತರಗತಿಯಲ್ಲಿ ಒಂದು ಕ್ಷಣ ತಾಳದಿದ್ದ ಮನುಷ್ಯಳು ಇವರೇನಾ ಎನಿಸುತ್ತಿತ್ತು.

ನಿವೃತ್ತಿಯ ಮೇಲೂ ಹಾಗೆಯೇ ನಡೆದಿತ್ತು. ಹೋದ ವರ್ಷ ಕಾಯಿಲೆ ಮೂಳೆಗೆ ಬಂದು ಅವರು ಮತ್ತೆ ಆಸ್ಪತ್ರೆ ಸೇರಿದರು. ನೋಡಲು ಹೋದಾಗ ಅವರು ತಮ್ಮ ನೋವಿನ ಮಾತೇ ಎತ್ತಲಿಲ್ಲ. ಅಲ್ಲಿ ತೊಡಿಸಿದ್ದ ಗೌನನ್ನು ಹಿಡಿದು ತೋರಿಸಿದರು. "ಇದನ್ನ ಹೊಲಿದೋರು ಯಾರನ್ನ ನೆನೆಸ್ಕೊಂಡು ಹೊಲಿದ್ರೋ ಕಾಣೆ. ಒಂದ್ ಕಡೆ ನೋಡಕ್ಕೆ ಮೈಯೆಲ್ಲ ತೆಗೀಬೇಕು. ಆಪರೇಷನ್ ಆದೋರಿಗೆ ಗಾಯದ ನೀರು ಇಳಿಯಕ್ಕೆ ಕೊಳವೆ ಹಾಕಿ ಸಣ್ಣ ಬಾಟಲಿ ಕಟ್ಟಿರ್ತಾರೆ, ಅದನ್ನ ಕೈಲಿ ಹಿಡ್ಕೊಂಡು ಬಚ್ಚಲಿಗೆ ಹೋಗ್ಬೇಕು. ಕೇಳು. ಎರಡು ಹೆಗಲ ಮೇಲೂ ಲಾಡಿ ಇಡು, ಯಾವ ಕಡೆ ನೋಡ್ಬೇಕೋ ಆ ಕಡೆ ಮಾತ್ರ ಬಿಚ್ಚಂಗೆ. ಒಳಗಡೆ ಪಕ್ಕಕ್ಕೆ ಬಾಟಲಿಗೊಂದು ಜೇಬು." ಹಾಸಿಗೆಯ ಮೇಲೆ ಬೆರಳಲ್ಲೇ ಗೆರೆ ಎಳೆದು ತೋರಿಸಿದರು.

ಬಟ್ಟೆ ತರಲು ಯಜಮಾನರು ಹೋದರು. ಗಿಳಿಹಸಿರು ಬಣ್ಣದ ಹತ್ತಿಬಟ್ಟೆ ಹಿಡಿದು ಬಂದರು.

"ರೀ, ಇದ್ಯಾವ ಬಣ್ಣ ಅಂತ ತಂದ್ರಿ?" ಎಂದರು ಮೇಡಂ.

"ಮಣ್ಣಿನ ಬಣ್ಣದಂಗೆ ಕಾಣ್ತು. ಬಣ್ಣ ನೋಡ್ಲಿಲ್ಲ. ಇದ್ದಿದ್ರಲ್ಲೆಲ್ಲ ಇದೇ ಮೆತ್ತಗಿತ್ತು."

ಮೇಡಂ ಬಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡರು. "ಇದೇ ಸರಿ" ಎಂದರು. ಯಜಮಾನರು ಕಿಟಕಿಯ ಕಡೆ ಹೋಗಿ ನಿಂತರು.

ಗೌನು ಹೊಲಿದು ಕೊಟ್ಟು ಬಂದೆ. ಕೆಲವು ದಿನಗಳ ಮೇಲೆ ಬೆಳಗ್ಗೆ ಹೋದಾಗ ಮೇಡಂ ಆಸ್ಪತ್ರೆಯ ಹಳೇ ಗೌನಿನಲ್ಲೇ ಮಲಗಿದ್ದರು. ಪಕ್ಕದ ಹಾಸಿಗೆಯಲ್ಲಿ ನನಗಿಂತ ಚಿಕ್ಕ ವಯಸ್ಸಿನ ಹೆಂಗಸೊಬ್ಬಳು ಆ ಗಿಳಿಹಸಿರು ಗೌನು ತೊಟ್ಟು ಕೂತಿದ್ದಳು.

"ಆಯಮ್ಮಂಗೆ ನಾಳೆ ಆಪರೇಷನ್. ನನಗಿಂತ ಅವ್ಳಿಗೆ ಬೇಕು" ಎಂದರು ಮೇಡಂ. ಮಾತಿಗೆ ಉಸಿರು ಸಾಲುತ್ತಿರಲಿಲ್ಲ. ಸ್ವಲ್ಪ ಸುಧಾರಿಸಿಕೊಂಡು ಮತ್ತೆ, "ನನ್ ಅಳ್ತೇದು ಅವ್ಳಿಗೆ ದೊಡ್ದಾಗೈತೆ. ತೋಳು ಬೆರಳವರ್ಗೂ ಬರ್ತೈತೆ, ನೋಡು" ಎಂದರು.

ನೋಡಿದೆ. ತೋಳಿನ ತುದಿಯಲ್ಲಿ ಅವಳ ಉಗುರು ಮಾತ್ರ ಕಾಣುತ್ತಿತ್ತು. ನಾನು ಚೀಲದಿಂದ ಸೂಜಿ ದಾರ ತೆಗೆದು, ಮೇಡಂ ಕಡೆಗೆ ಬೆನ್ನಾಗದಂತೆ ಸ್ಟೂಲು ಹಾಕಿಕೊಂಡು ಕೂತೆ. ಅವಳು ಏನೂ ಕೇಳದೆ ಕೈ ಚಾಚಿದಳು. ಅವಳ ಮಣಿಕಟ್ಟಿನ ಹತ್ತಿರ ಬಟ್ಟೆ ಮಡಿಸಿ ಒಂದೊಂದೇ ಹೊಲಿಗೆ ಹಾಕುತ್ತಾ ಹೋದೆ. ಒಂದು ತೋಳು ಮುಗಿಸಿ ತಲೆಯೆತ್ತಿದಾಗ ಮೇಡಂ ದಿಂಬಿಗೊರಗಿ ನಮ್ಮಿಬ್ಬರನ್ನೇ ನೋಡುತ್ತಿದ್ದರು.

"ಇನ್ನೊಂದು ಕೈ ಕೊಡವ್ವ" ಎಂದರು ಅವಳಿಗೆ.